ಅಡಿಕೆ ಒಲೆಯ ಹೊಗೆಯೂ ಕಾಯುವ ಗ್ರಾಫಿಕ್ಸ್ ಕಾರ್ಡೂ

ಪ್ರಶ್ನೆ: ಮನೆಯಲ್ಲೇ ಕುಳಿತು ಮದುವೆ, ಉಪನಯನಗಳ ವೀಡಿಯೊ ಸಂಕಲನ ಮಾಡುತ್ತೇನೆ. ಪರದೆಯ ಮೇಲೆ ಚಿತ್ರ ಮೂಡಿಸುವ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಇದೆ. ಬೇಸಿಗೆಯಲ್ಲಿ ತೊಂದರೆ ಇರಲಿಲ್ಲ. ದೀಪಾವಳಿಯ ನಂತರ ವೀಡಿಯೊವನ್ನು ಅಂತಿಮ ರೂಪಕ್ಕೆ ತರುವ ರೆಂಡರ್‌ಗೆ ಇಟ್ಟರೆ ಫ್ಯಾನ್ ಜೋರಾಗಿ ಸದ್ದು ಮಾಡುತ್ತದೆ, ಉಷ್ಣತೆ 91 ಡಿಗ್ರಿಗೆ ಏರಿ ಪರದೆ ಕಪ್ಪಾಗುತ್ತದೆ. ಹೊಸ ಕಾರ್ಡ್ ಹಾಕಿಸಿ ಎನ್ನುತ್ತಾರೆ ಅಂಗಡಿಯವರು. ಕಂಪ್ಯೂಟರ್ ಜಗುಲಿಯ ಮರದ ಕಪಾಟಿನೊಳಗಿದೆ. ಈಗ ಅಂಗಳದಲ್ಲಿ ಅಡಿಕೆ ಬೇಯಿಸುತ್ತಿದ್ದೇವೆ.
– ಒಬ್ಬ ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ದಯವಿಟ್ಟು ಈಗಲೇ ಹೊಸ ಕಾರ್ಡ್ ಕೊಳ್ಳಬೇಡಿ. ರೋಗದ ಗುರುತು ನಿಮ್ಮ ಪತ್ರದಲ್ಲೇ ಇದೆ. ಕೋಣೆ ತಣ್ಣಗಾದಷ್ಟೂ ಕಾರ್ಡ್ ಕೂಡ ಹೆಚ್ಚುಕಡಿಮೆ ಅಷ್ಟೇ ತಣ್ಣಗಿರಬೇಕು. ಏಪ್ರಿಲ್‌ನ ಸೆಕೆಯಲ್ಲಿ ಸುಮ್ಮನಿದ್ದದ್ದು ಕಾರ್ತಿಕದ ಚಳಿಯಲ್ಲಿ ಕಾಯುತ್ತಿದೆ ಎಂದರೆ ಶಾಖ ಹೊರಹೋಗುವ ದಾರಿ ಎಲ್ಲೋ ಕಟ್ಟಿಕೊಂಡಿದೆ. ಚಿಪ್ಪೇ ಕೆಟ್ಟಿದ್ದರೆ ಸಾಮಾನ್ಯವಾಗಿ ತಣ್ಣಗಿರುವಾಗಲೂ ಪರದೆಯ ಮೇಲೆ ಗೆರೆ, ಬಣ್ಣದ ಚೌಕಗಳು ಕಾಣುತ್ತವೆ. ಅದನ್ನು ನೀವು ಬರೆದಿಲ್ಲ. ಈ ಕಾರ್ಡ್‌ಗೆ ತಯಾರಕರು ಹೇಳಿರುವ ಗರಿಷ್ಠ ಮಿತಿ 92 ಡಿಗ್ರಿ. ಅಲ್ಲಿಗೆ ಬಂದಾಗ ಅದು ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ, ಆಗದಿದ್ದರೆ ನಿಂತೇ ಬಿಡುತ್ತದೆ.

ಮಲೆನಾಡಿನ ಮನೆಗಳಿಂದ ರಿಪೇರಿಗೆ ಬರುವ ಕಾರ್ಡ್‌ಗಳನ್ನು ಬಿಚ್ಚಿದಾಗ ನನಗೆ ಸಿಗುವುದು ಒಣ ಧೂಳಲ್ಲ, ಅಂಟು ಮಸಿ. ಬಚ್ಚಲ ಒಲೆಯ ಹೊಗೆ, ಅಡಿಕೆ ಹಂಡೆಯ ಆವಿ, ಸಿಪ್ಪೆ ಸುಲಿಯುವಾಗ ಹಾರುವ ನಾರು, ಇವೆಲ್ಲ ಸೇರಿ ಚಿಪ್ಪಿನ ಶಾಖ ಹೀರಿ ಹೊರಬಿಡುವ ಹೀಟ್ ಸಿಂಕಿನ ಅಲ್ಯೂಮಿನಿಯಂ ಹಾಳೆಗಳ ನಡುವೆ ಕಂಬಳಿಯಂತೆ ಕೂರುತ್ತವೆ. ಇದು ಫ್ಯಾನಿನ ಹಿಂದೆ ಅಡಗಿರುವುದರಿಂದ ಹೊರಗಿನಿಂದ ನೋಡಿದರೆ ಕಾರ್ಡ್ ಸ್ವಚ್ಛವಾಗಿಯೇ ಕಾಣುತ್ತದೆ. ಬರೀ ಬ್ಲೋಯರ್ ಹಿಡಿದರೂ ಹೋಗುವುದಿಲ್ಲ.

ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಕ್ಯಾಬಿನೆಟ್ಟನ್ನು ಕಪಾಟಿನಿಂದ ಹೊರಗಿಟ್ಟು, ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದು, ಅದೇ ವೀಡಿಯೊವನ್ನು ರೆಂಡರ್‌ಗೆ ಹಾಕಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್ಪಿನ ಉಷ್ಣತೆ ಸಿಗುತ್ತದೆ. ಹತ್ತಾರು ಡಿಗ್ರಿ ಇಳಿದರೆ ತಪ್ಪು ಕಪಾಟಿನದು. ಹೆಚ್ಚೇನೂ ಇಳಿಯದಿದ್ದರೆ ಮಸಿ, ಇಲ್ಲವೇ ಚಿಪ್ಪಿನ ಶಾಖವನ್ನು ಹೀಟ್ ಸಿಂಕಿಗೆ ದಾಟಿಸುವ, ಈಗ ಒಣಗಿದ ಥರ್ಮಲ್ ಪೇಸ್ಟ್. 70 ಡಿಗ್ರಿಯಲ್ಲೇ ಪರದೆ ಕಪ್ಪಾದರೆ ಮಾತ್ರ ಕಂಪ್ಯೂಟರಿಗೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್ ಕಡೆ ನೋಡಿ. ಕೆಲಸವಿಲ್ಲದಾಗ ಫ್ಯಾನ್ ನಿಂತಿದ್ದರೆ ಗಾಬರಿ ಬೇಡ, ಕೆಲವು ಕಾರ್ಡ್‌ಗಳನ್ನು ಹಾಗೆಯೇ ಮಾಡಿರುತ್ತಾರೆ.

ವಾರಂಟಿ ಉಳಿದಿದ್ದರೆ ಕಾರ್ಡ್ ಬಿಚ್ಚದೆ ಕಂಪನಿಗೇ ಕೊಡಿ. ಮುಗಿದಿದ್ದರೆ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಒಮ್ಮೆ ಒತ್ತಿ, ಕ್ಯಾಬಿನೆಟ್‌ನ ಲೋಹ ಮುಟ್ಟಿ ಕೆಲಸ ಶುರುಮಾಡಿ. ಹಿಂಬದಿಯ ನಾಲ್ಕು ಸ್ಕ್ರೂಗಳನ್ನು ಒಂದೊಂದಾಗಿ ಪೂರ್ತಿ ತೆಗೆಯದೆ, ಎದುರುಬದುರಿನ ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಫ್ಯಾನಿನ ವೈರನ್ನು ಎಳೆಯಬೇಡಿ, ಅದರ ಕೊಕ್ಕೆ ಬಿಡಿಸಿ. ಮಸಿಯನ್ನು ಮೆತ್ತನೆಯ ಬ್ರಷ್ ಮತ್ತು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೆಗೆಯಿರಿ. ಸೀಮೆಎಣ್ಣೆ, ಪೆಟ್ರೋಲ್ ಖಂಡಿತ ಬೇಡ. ಫ್ಯಾನಿಗೆ ಕೊಬ್ಬರಿ ಎಣ್ಣೆ ಬಿಡುವವರೂ ಇದ್ದಾರೆ. ಅದು ನಮ್ಮ ಚಳಿಗೆ ಹೆಪ್ಪುಗಟ್ಟಿ ಫ್ಯಾನನ್ನೇ ಹಿಡಿದು ನಿಲ್ಲಿಸುತ್ತದೆ. ಬ್ಲೋಯರ್ ಬಳಸುವುದಾದರೆ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಹಳೆಯ ಪೇಸ್ಟನ್ನು ಪೂರ್ತಿ ಒರೆಸಿ, ಹೊಸದನ್ನು ಚಿಪ್ ಇಡೀ ಮುಚ್ಚುವಂತೆ ತೆಳುವಾಗಿ ಹಚ್ಚಿ. ಮೆಮೊರಿಯ ಮೇಲಿರುವ ಮೆತ್ತನೆಯ ಪ್ಯಾಡ್ ಹರಿದರೆ ಅಷ್ಟೇ ದಪ್ಪದ್ದನ್ನೇ ಹಾಕಬೇಕು. ದಪ್ಪ ಹೆಚ್ಚಾದರೆ ಹೀಟ್ ಸಿಂಕ್ ಚಿಪ್‌ಗೆ ತಾಗುವುದೇ ಇಲ್ಲ.

ಕೈ ನಡುಗಿದರೆ ಬಲ್ಲವರಿಂದ ಮಾಡಿಸಿ, ಆದರೆ ಕಣ್ಣೆದುರೇ ಬಿಚ್ಚಲು ಹೇಳಿ. ಸಾವಿರಾರು ರೂಪಾಯಿಯ ಕಾರ್ಡನ್ನು ಮಸಿಯ ಕಾರಣಕ್ಕೆ ಎಸೆಯುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮದುವೆ ಕೆಲಸ ತುರ್ತಾಗಿದ್ದರೆ ಅಲ್ಲಿಯವರೆಗೆ ಕಾರ್ಡಿನ ವಿದ್ಯುತ್, ವೇಗ ಹೊಂದಿಸುವ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಪವರ್ ಮಿತಿಯನ್ನು 80 ಪ್ರತಿಶತಕ್ಕೆ ಇಳಿಸಿ. ರೆಂಡರ್ ತುಸು ನಿಧಾನವಾಗುತ್ತದೆ, ಕಾವು ಚೆನ್ನಾಗಿ ತಗ್ಗುತ್ತದೆ. ಅಡಿಕೆ ಕೆಲಸ ಮುಗಿಯುವ ತನಕ ಕಂಪ್ಯೂಟರನ್ನು ಒಳಕೋಣೆಗೆ ಒಯ್ಯಿರಿ, ಕಪಾಟಿಗೆ ಮರಳಿಸಲೇಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ವಾರಗಟ್ಟಲೆ ಕಂಪ್ಯೂಟರ್ ಹಚ್ಚುವುದಿಲ್ಲ. ಪ್ಲಾಸ್ಟಿಕ್ ಹೊದಿಸಿಡಬಹುದೇ?
– ಇನ್ನೊಬ್ಬ ಓದುಗರು, ಹೊಸನಗರ

ಉತ್ತರ: ಬೇಡ, ಒಳಗಿನ ಥಂಡಿ ಹೊರಬರುವುದಿಲ್ಲ. ಹತ್ತಿಯ ಬಟ್ಟೆ ಹೊದಿಸಿ. ಎರಡು ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಹಚ್ಚಿಡಿ, ಅದರ ಕಾವಿಗೇ ತೇವ ಆರುತ್ತದೆ. ಹಚ್ಚುವ ಮೊದಲು ಬಟ್ಟೆ ತೆಗೆಯಿರಿ, ಒಳಗೆ ಇರುವೆ ಗೂಡು ಕಟ್ಟಿಲ್ಲವೇ ಎಂದು ಟಾರ್ಚ್ ಹಾಕಿ ನೋಡಿ.