ಅಂಕೆ ತಪ್ಪೋ, ಬ್ಯಾಟರಿಯೇ ಸೋತಿದೆಯೋ?

ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ: ಮೊಬೈಲ್ ಬ್ಯಾಟರಿ

ಪ್ರಶ್ನೆ (ಶಿವಮೊಗ್ಗ): ನನ್ನ ಆಂಡ್ರಾಯ್ಡ್ ಫೋನಿಗೆ ಮೂರು ವರ್ಷ. 23% ಇರುವಾಗ ವಿಡಿಯೊ ಕಾಲ್ ಮಾಡಿದರೆ ಪಟ್ಟನೆ ಆಫ್ ಆಗುತ್ತದೆ. ಚಾರ್ಜರ್ ಹಾಕಿ ಆನ್ ಮಾಡಿದರೆ ಮತ್ತೆ 19% ತೋರಿಸುತ್ತದೆ. ಬ್ಯಾಟರಿ ಕ್ಯಾಲಿಬ್ರೇಷನ್ ಮಾಡಿಬಿಡಿ, ಸರಿಹೋಗುತ್ತದೆ ಎನ್ನುತ್ತಾರೆ. ಹೌದೇ?

ಉತ್ತರ: ನಿಮ್ಮ ಫೋನಿನ ಲಕ್ಷಣ ನೋಡಿದರೆ ಅನುಮಾನ. ಕ್ಯಾಲಿಬ್ರೇಷನ್ (ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ, ಪೂರ್ತಿ ತುಂಬಿಸಿ ಫೋನಿನ ಲೆಕ್ಕವನ್ನು ಹೊಂದಿಸುವುದು) ಸರಿಮಾಡುವುದು ಪರದೆಯ ಮೇಲಿನ ಅಂಕೆಯನ್ನು. ಸವೆದ ಸೆಲ್ಲಿಗೆ (ಬ್ಯಾಟರಿಯೊಳಗೆ ಚಾರ್ಜ್ ಕೂಡಿಡುವ ಭಾಗ) ಅದರಿಂದ ಏನೂ ಆಗದು. ಆದ್ದರಿಂದ ತಪ್ಪಿರುವುದು ಯಾವುದು ಎಂದು ಮೊದಲು ಪತ್ತೆ ಮಾಡಿ.

ಶೇಕಡಾ ಲೆಕ್ಕ ಹೇಗೆ ಹುಟ್ಟುತ್ತದೆ ಎಂದು ತಿಳಿದಿದ್ದರೆ ಪತ್ತೆ ಸುಲಭ. ಅಡುಗೆಮನೆಯ ಸಿಲಿಂಡರಿನಲ್ಲಿ ಎಷ್ಟು ಗ್ಯಾಸ್ ಉಳಿದಿದೆ ಎಂದು ಹೇಳಲು ಎರಡು ದಾರಿ: ಹಚ್ಚಿ ಎಷ್ಟು ದಿನವಾಯಿತು ಎಂದು ಎಣಿಸುವುದು, ಇಲ್ಲವೇ ಎತ್ತಿ ತೂಕ ನೋಡುವುದು. ಚಾರ್ಜಿನ ಲೆಕ್ಕ ಇಡುವ, ಫೋನಿನ ಫ್ಯೂಯೆಲ್ ಗೇಜ್ ಚಿಪ್ ಎರಡನ್ನೂ ಮಾಡುತ್ತದೆ. ಬ್ಯಾಟರಿಯ ದಾರಿಯಲ್ಲಿ ಕೂರಿಸಿರುವ, ಕೆಲವೇ ಮಿಲಿಓಮ್‌ನ ಒಂದು ರೆಸಿಸ್ಟರ್ ಮೂಲಕ ಒಳಹೋದ, ಹೊರಬಂದ ಕರೆಂಟನ್ನು ಎಣಿಸುತ್ತದೆ. ಫೋನ್ ಸುಮ್ಮನಿದ್ದಾಗ ಸೆಲ್ಲಿನ ವೋಲ್ಟೇಜ್ ಓದಿ, ತನ್ನೊಳಗಿನ ಕೋಷ್ಟಕದ ಜೊತೆ ತಾಳೆ ನೋಡುತ್ತದೆ. ತೊಡಕಿರುವುದು ಮಧ್ಯಭಾಗದಲ್ಲಿ. ಸುಮಾರು 20ರಿಂದ 80%ವರೆಗೆ ವೋಲ್ಟೇಜ್ ಹೆಚ್ಚು ಕದಲುವುದಿಲ್ಲ, ಬಹುತೇಕ 3.7ರಿಂದ 4.1 ವೋಲ್ಟ್ ಒಳಗೇ ಇರುತ್ತದೆ. ಅಲ್ಲಿ ಚಿಪ್ ಎಣಿಕೆಯನ್ನೇ ನಂಬಬೇಕು. ಎಣಿಕೆಯಲ್ಲಿ ಸಣ್ಣ ಸಣ್ಣ ತಪ್ಪು ಸೇರುತ್ತಾ ಹೋಗುತ್ತದೆ. ಅದನ್ನು ಚೊಕ್ಕವಾಗಿ ತಿದ್ದಿಕೊಳ್ಳಲು ಸಿಗುವುದು ಎರಡೇ ಜಾಗ: ಪೂರ್ತಿ ತುಂಬಿದಾಗ ಮತ್ತು ಪೂರ್ತಿ ಖಾಲಿಯಾದಾಗ.

ಇನ್ನು ನಿಮ್ಮ ಫೋನಿನ ವಿಷಯ. ವಯಸ್ಸಾದ ಸೆಲ್ಲಿನ ಒಳರೋಧ, ಅಂದರೆ ಕರೆಂಟ್ ಹರಿಯಲು ಸೆಲ್ಲೇ ಒಡ್ಡುವ ಅಡ್ಡಿ, ಏರುತ್ತದೆ. ಹೊಸದರಲ್ಲಿ 0.1 ಓಮ್ ಇದ್ದದ್ದು 0.3 ಓಮ್ ಆಗಿದೆ ಎಂದಿಟ್ಟುಕೊಳ್ಳಿ. ವಿಡಿಯೊ ಕಾಲಿನಲ್ಲಿ ಕ್ಯಾಮೆರಾ, ಪರದೆ, ರೇಡಿಯೊ, ಪ್ರೊಸೆಸರ್ ಎಲ್ಲ ಒಟ್ಟಿಗೆ ಸೇರಿ ಒಂದು ಕ್ಷಣ 2 ಆಂಪಿಯರ್ ಎಳೆದರೆ, ಸೆಲ್ ಹೊಸದಿದ್ದಾಗ 0.2 ವೋಲ್ಟ್ ಕುಸಿಯುತ್ತಿದ್ದ ಜಾಗದಲ್ಲಿ ಈಗ 0.6 ವೋಲ್ಟ್ ಕುಸಿಯುತ್ತದೆ. 3.7 ಇದ್ದದ್ದು 3.1ಕ್ಕೆ ಇಳಿದರೆ ಫೋನ್ ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಗಲೇಬೇಕು. ನೆಟ್‌ವರ್ಕ್ ಸಿಗ್ನಲ್ ಒಂದೇ ಕಡ್ಡಿ ಇರುವ ಮಲೆನಾಡಿನ ಊರುಗಳಲ್ಲಿ ಇದು ಇನ್ನೂ ಬೇಗ ಕಾಣಿಸಿಕೊಳ್ಳುತ್ತದೆ. ದೂರದ ಟವರಿಗೆ ಕೂಗಲು ರೇಡಿಯೊ ಹೆಚ್ಚು ಶಕ್ತಿ ತಿನ್ನುತ್ತದೆ.

ಪರೀಕ್ಷೆ ಹೀಗೆ: ಬ್ಯಾಟರಿ ವೋಲ್ಟೇಜ್ ತೋರಿಸುವ ಯಾವುದಾದರೂ ಆ್ಯಪ್ ಹಾಕಿಕೊಳ್ಳಿ. ಲ್ಯಾಪ್‌ಟಾಪ್ ಬಳಸಿ ರೂಢಿಯಿದ್ದರೆ ಯುಎಸ್‌ಬಿ ಡಿಬಗಿಂಗ್ ಆನ್ ಮಾಡಿ ಎಡಿಬಿಯ (ಲ್ಯಾಪ್‌ಟಾಪಿನಿಂದ ಫೋನಿಗೆ ಆಜ್ಞೆ ಕೊಡುವ ತಂತ್ರಾಂಶ) 'ಡಂಪ್‌ಸಿಸ್ ಬ್ಯಾಟರಿ' ಆಜ್ಞೆ ಕೊಡಬಹುದು, ಆದರೆ ಕೇಬಲ್ ಸಿಕ್ಕಿಸಿದಾಗ ಫೋನ್ ಚಾರ್ಜ್ ಆಗುವುದರಿಂದ ಅಲ್ಲಿನ ವೋಲ್ಟೇಜ್ ತುಸು ಹೆಚ್ಚೇ ಕಾಣುತ್ತದೆ. ಅದರಲ್ಲಿ ವೋಲ್ಟೇಜ್ ಮಿಲಿವೋಲ್ಟ್‌ನಲ್ಲಿ, ತಾಪಮಾನ ಡಿಗ್ರಿಯ ಹತ್ತನೇ ಭಾಗದಲ್ಲಿ ಬರುತ್ತದೆ. 312 ಎಂದರೆ 31.2 ಡಿಗ್ರಿ, ಗಾಬರಿ ಬೇಡ. ಫೋನ್ 23% ತೋರಿಸುವಾಗ ಹತ್ತು ನಿಮಿಷ ಸುಮ್ಮನಿಟ್ಟು ಓದಿ. 3.65ರಿಂದ 3.75 ವೋಲ್ಟ್ ಇದ್ದರೆ ಅಂಕೆ ನಿಜವೇ ಹೇಳುತ್ತಿದೆ, ಸೆಲ್ ಸೋತಿದೆ. ಬ್ಯಾಟರಿ ಬದಲಿಸಿ. 3.45ರ ಹತ್ತಿರ ಇದ್ದರೆ ಸೆಲ್ ಆಗಲೇ ಖಾಲಿ, ಅಂಕೆ ತಪ್ಪು. ಆಗ ಕ್ಯಾಲಿಬ್ರೇಷನ್ ಫಲ ಕೊಡುತ್ತದೆ. ನಿಮ್ಮ ಫೋನ್ ಮತ್ತೆ ಆನ್ ಆದಾಗ 19% ತೋರಿಸಿದ್ದು ಮೊದಲನೆಯದರ ಕಡೆಗೇ ಬೆರಳು ಮಾಡುತ್ತದೆ. ಅಂಕೆ ತಪ್ಪಿದ್ದ ಫೋನ್ ಬಹುಮಟ್ಟಿಗೆ 0 ಅಥವಾ 1% ಎಂದು ಎದ್ದೇಳುತ್ತದೆ.

ಪ್ರಶ್ನೆ (ಹುಬ್ಬಳ್ಳಿ): ಅಂಗಡಿಯಲ್ಲಿ ಹೊಸ ಬ್ಯಾಟರಿ ಹಾಕಿಸಿದ ಮೇಲೆ ಎರಡು ತಾಸು 100% ಹಾಗೇ ನಿಲ್ಲತದ. ಆಮೇಲೆ 40ಕ್ಕೆ ಬಂದ ಕೂಡಲೇ ದಡದಡ 5ಕ್ಕೆ ಇಳೀತದ. ಬ್ಯಾಟರಿ ಡೂಪ್ಲಿಕೇಟ್ ಇರಬಹುದೇ?

ಉತ್ತರ: ಇರಬಹುದು, ಆದರೆ ಮೊದಲು ಕ್ಯಾಲಿಬ್ರೇಷನ್ ಮಾಡಿ ನೋಡಿ. ಇದು ಅದಕ್ಕೆ ಹೇಳಿ ಮಾಡಿಸಿದ ಸಂದರ್ಭ. ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳಲ್ಲಿ ಗೇಜ್ ಇರುವುದು ಮದರ್‌ಬೋರ್ಡಿನಲ್ಲಿ. ಬ್ಯಾಟರಿ ಬದಲಾದರೂ ಅದರ ಲೆಕ್ಕದಲ್ಲಿ ಹಳೆಯ ಸೆಲ್ಲಿನ ಗಾತ್ರವೇ ಕೂತಿರುತ್ತದೆ. (ಐಫೋನ್‌ನಲ್ಲಿ ಗೇಜ್ ಬ್ಯಾಟರಿಗೆ ಅಂಟಿದ ಪುಟ್ಟ ಬೋರ್ಡಿನಲ್ಲಿ ಇರುತ್ತದೆ. ಕೆಲವು ರಿಪೇರಿಯವರು ಹೊಸ ಸೆಲ್ಲಿಗೆ ಹಳೆಯ ಬೋರ್ಡನ್ನೇ ವೆಲ್ಡ್ ಮಾಡುತ್ತಾರೆ. ಆಗ ಅಲ್ಲೂ ಇದೇ ಗೋಳು.)

ಕ್ರಮ ಹೀಗಿರಲಿ. ರಜೆಯ ಹಿಂದಿನ ಸಂಜೆ ಶುರುಮಾಡಿದರೆ ಅನುಕೂಲ.

ಫೋನನ್ನು ಎಂದಿನಂತೆ ಬಳಸಿ, ತಾನಾಗಿ ಆಫ್ ಆಗುವವರೆಗೆ ಬಿಡಿ. 10%ರ ಕೆಳಗೆ ಗೇಮ್, ಟಾರ್ಚ್, ಹಾಟ್‌ಸ್ಪಾಟ್ ಬೇಡ. ಭಾರ ಹೆಚ್ಚಾದರೆ ವೋಲ್ಟೇಜ್ ಕುಸಿದು ಬೇಗ ಆಫ್ ಆಗುತ್ತದೆ, ಗೇಜಿಗೆ ನಿಜವಾದ ತಳ ಸಿಗುವುದಿಲ್ಲ. ಮಂದ ಬೆಳಕಿನಲ್ಲಿ ಒಂದು ವಿಡಿಯೊ ಓಡುತ್ತಿರಲಿ, ಅಷ್ಟು ಸಾಕು. ಆಫ್ ಆದ ಮೇಲೆ ಪವರ್ ಬಟನ್ ಒತ್ತಿ ಒತ್ತಿ ಕೊನೆಯ ಹನಿ ಹಿಂಡಬೇಡಿ.

ಆಫ್ ಆದ ಫೋನನ್ನು ಮೂರು ತಾಸಾದರೂ ಹಾಗೇ ಇಡಿ, ಐದಾದರೆ ಇನ್ನೂ ಒಳ್ಳೆಯದು. ಬಹಳ ಮಂದಿ ಬಿಟ್ಟುಬಿಡುವ ಹಂತವಿದು. ಭಾರ ಇಳಿದ ಮೇಲೆ ಸೆಲ್ಲಿನ ವೋಲ್ಟೇಜ್ ನಿಧಾನವಾಗಿ ಮೇಲೆದ್ದು ಒಂದು ಕಡೆ ನಿಲ್ಲುತ್ತದೆ. ಹಾಗೆ ನಿಂತ ವೋಲ್ಟೇಜ್ ಮಾತ್ರ ಕೋಷ್ಟಕಕ್ಕೆ ತಾಳೆಯಾಗುತ್ತದೆ. ಆದರೆ ದಿನಗಟ್ಟಲೆ ಮರೆತುಬಿಡಬೇಡಿ, ಖಾಲಿ ಸೆಲ್ 2.5 ವೋಲ್ಟಿನ ಕೆಳಗೆ ಜಾರಿದರೆ ಒಳಗೆ ಸರಿಪಡಿಸಲಾಗದ ಹಾನಿಯಾಗುತ್ತದೆ.

ಆಮೇಲೆ ಫೋನ್ ಆಫ್ ಇರುವಾಗಲೇ ಕಂಪನಿಯ ಚಾರ್ಜರ್ ಹಾಕಿ, ಮಧ್ಯೆ ಕೀಳದೆ 100%ವರೆಗೆ ತುಂಬಿಸಿ. ಕರೆಂಟ್ ಹೋಗಿ ಬರುವ ಹೊತ್ತನ್ನು ತಪ್ಪಿಸಿ. 100% ಎಂದು ತೋರಿದ ಮೇಲೂ ಇನ್ನೊಂದು ತಾಸು ಚಾರ್ಜರ್ ಇರಲಿ. ಪರದೆಯಲ್ಲಿ ನೂರು ಬಂದರೂ ಸೆಲ್ಲಿಗೆ ಕರೆಂಟ್ ಹರಿಯುತ್ತಲೇ ಇರುತ್ತದೆ. 5000 ಎಂಎಎಚ್ ಬ್ಯಾಟರಿಯಲ್ಲಿ ಅದು 250ರಿಂದ 500 ಮಿಲಿಆಂಪಿಯರ್ ಆಸುಪಾಸಿಗೆ ಇಳಿದಾಗಲೇ ಚಿಪ್ ಇದನ್ನು 'ತುಂಬಿತು' ಎಂದು ಗುರುತು ಹಾಕಿಕೊಳ್ಳುವುದು. ಫೋನ್ ಬಿಸಿಯಾಗಿದ್ದರೆ ಕವರ್ ತೆಗೆದಿಡಿ. ಕೋಣೆ 20ರಿಂದ 30 ಡಿಗ್ರಿ ಇರಲಿ. ಏಪ್ರಿಲ್‌ನಲ್ಲಿ ರಾಯಚೂರು, ಕಲಬುರಗಿ ಕಡೆಯವರು ಇದನ್ನು ರಾತ್ರಿ ಇಟ್ಟುಕೊಳ್ಳುವುದು ಮೇಲು.

ಚಾರ್ಜರ್ ಕಿತ್ತು, ಆನ್ ಮಾಡಿ, ಎಂದಿನಂತೆ ಬಳಸಿ. ಒಂದು ಸುತ್ತಿನಲ್ಲಿ ಪೂರ್ತಿ ಸರಿಯಾಗದಿದ್ದರೆ ಇನ್ನೊಂದು ಸುತ್ತು ಮಾಡಿ. ಎರಡನೆಯದರ ನಂತರವೂ 40ರಿಂದ 5ಕ್ಕೆ ಹಾರಿದರೆ, ಆಗ ನಿಮ್ಮ ಅನುಮಾನವೇ ಸರಿ: ಸೆಲ್ಲಿನಲ್ಲಿ ಬರೆದಷ್ಟು ದಮ್ಮಿಲ್ಲ, ಇಲ್ಲವೇ ಕನೆಕ್ಟರ್ ಸರಿಯಾಗಿ ಕೂತಿಲ್ಲ. ಬಿಲ್ ಹಿಡಿದು ಅಂಗಡಿಗೆ ಹೋಗಿ. ಭಾರತದಲ್ಲಿ ಮಾರುವ ಮೊಬೈಲ್ ಬ್ಯಾಟರಿಯ ಮೇಲೆ ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೊ) ಐಎಸ್ 16046 ಗುರುತು, ಜೊತೆಗೆ 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪನಿಗೆ, ಯಾವ ಸಾಮಾನಿಗೆ ಕೊಟ್ಟದ್ದು ಎಂದು ಗೊತ್ತಾಗುತ್ತದೆ.

ಪ್ರಶ್ನೆ (ಮೈಸೂರು): ಪ್ಲೇ ಸ್ಟೋರ್‌ನಲ್ಲಿ ಒಂದೇ ಒತ್ತಿಗೆ ಕ್ಯಾಲಿಬ್ರೇಟ್ ಮಾಡುವ ಆ್ಯಪ್‌ಗಳಿವೆ. ಯಾವುದು ಒಳ್ಳೆಯದು?

ಉತ್ತರ: ಯಾವುದೂ ಬೇಡ. ಇವುಗಳಲ್ಲಿ ಹೆಚ್ಚಿನವು ರೂಟ್ ಅನುಮತಿ (ಫೋನಿನ ಒಳಗಿನ ಕಡತಗಳನ್ನೂ ಬದಲಿಸುವ ಪೂರ್ಣ ಅಧಿಕಾರ) ಕೇಳಿ 'ಬ್ಯಾಟರಿಸ್ಟ್ಯಾಟ್ಸ್' ಎಂಬ ಕಡತವನ್ನು ಅಳಿಸುತ್ತವೆ. ಯಾವ ಆ್ಯಪ್ ಎಷ್ಟು ಬ್ಯಾಟರಿ ತಿಂದಿತು ಎಂದು ಸೆಟ್ಟಿಂಗ್ಸ್‌ನಲ್ಲಿ ತೋರಿಸಲು ಇಟ್ಟುಕೊಂಡ ಕಡತ ಅದು. ಶೇಕಡಾ ಅಂಕೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಗೂಗಲ್‌ನ ಆಂಡ್ರಾಯ್ಡ್ ಎಂಜಿನಿಯರ್ ಡಯಾನ್ ಹ್ಯಾಕ್‌ಬಾರ್ನ್ 2012ರಲ್ಲೇ ಸ್ಪಷ್ಟಪಡಿಸಿದ್ದರು. ಆದರೂ ಈ ನಂಬಿಕೆ ಸಾಯುತ್ತಿಲ್ಲ. ಈ ಆ್ಯಪ್‌ಗಳು 'ಮೊದಲು 100%ವರೆಗೆ ಚಾರ್ಜ್ ಮಾಡಿ, ಆಮೇಲೆ ಪೂರ್ತಿ ಖಾಲಿ ಮಾಡಿ' ಎನ್ನುತ್ತವಲ್ಲ, ಫಲ ಏನಾದರೂ ಸಿಕ್ಕಿದರೆ ಅದರಿಂದ. ಬಟನ್ ಒತ್ತುವುದು ಬರೀ ಶಾಸ್ತ್ರ.

ಪ್ರಶ್ನೆ (ಮಂಗಳೂರು): ಬ್ಯಾಟರಿ ಬಾಳಿಕೆಗೆ ಒಳ್ಳೆಯದೆಂದು 80% ಮಿತಿ ಹಾಕಿಟ್ಟಿದ್ದೇನೆ. 100 ಮುಟ್ಟುವುದೇ ಇಲ್ಲವಾದರೆ ಲೆಕ್ಕ ಕೆಡುವುದಿಲ್ಲವೇ?

ಉತ್ತರ: ಒಳ್ಳೆಯ ಪ್ರಶ್ನೆ. ಕೆಡುತ್ತದೆ, ಅದಕ್ಕೇ ಕಂಪನಿಗಳೂ ಒಂದು ಕಿಂಡಿ ಬಿಟ್ಟಿವೆ. ಐಫೋನ್ 15 ಮತ್ತು ಆಮೇಲಿನವುಗಳಲ್ಲಿ, ಗೂಗಲ್ ಪಿಕ್ಸೆಲ್‌ನಲ್ಲಿ, 80% ಮಿತಿ ಹಾಕಿದ್ದರೂ ಫೋನ್ ಆಗಾಗ ತಾನೇ 100%ವರೆಗೆ ತುಂಬಿಸಿಕೊಳ್ಳುತ್ತದೆ. 'ಸೆಟ್ಟಿಂಗ್ ಹಾಳಾಯಿತು' ಎಂದು ಕೆಲವರು ದೂರುವುದು ಇದನ್ನೇ. ಬೇರೆ ಕಂಪನಿಯ ಫೋನಾದರೆ ಎರಡು ಮೂರು ತಿಂಗಳಿಗೊಮ್ಮೆ ಮಿತಿ ತೆಗೆದು ಪೂರ್ತಿ ತುಂಬಿಸಿ, ಮರುದಿನ 10%ರ ಕೆಳಗೆ ಬರುವವರೆಗೆ ಬಳಸಿ, ಮತ್ತೆ ಮಿತಿ ಹಾಕಿ. ಪ್ರತಿವಾರ 'ಫುಲ್ ಖಾಲಿ, ಫುಲ್ ಭರ್ತಿ' ಮಾಡುವುದು ನಿಕಲ್ ಬ್ಯಾಟರಿ ಕಾಲದ ಪಾಠ. ಲಿಥಿಯಂ ಸೆಲ್ಲಿಗೆ ಅದರಿಂದ ಸವೆತವೇ ಹೆಚ್ಚು.

ಪ್ರಶ್ನೆ (ತುಮಕೂರು): ಯುಎಸ್‌ಬಿ ಮೀಟರ್ ಹಾಕಿ ಅಳೆದೆ. 5000 ಎಂಎಎಚ್ ಎಂದು ಬರೆದ ಹೊಸ ಫೋನ್ 1ರಿಂದ 100%ಗೆ 2500 ಚಿಲ್ಲರೆ ಎಂಎಎಚ್ ಮಾತ್ರ ತೆಗೆದುಕೊಂಡಿತು. ಅರ್ಧಕ್ಕರ್ಧ ಮೋಸವೇ?

ಉತ್ತರ: ಮೋಸವಿಲ್ಲ, ನೀವು ಓದಿದ ಸಾಲು ತಪ್ಪು. ಫಾಸ್ಟ್ ಚಾರ್ಜಿಂಗ್‌ನಲ್ಲಿ ಕೇಬಲಿನಲ್ಲಿ ಹರಿಯುವುದು 9 ವೋಲ್ಟ್, ಸೆಲ್ಲಿನದು ಸರಾಸರಿ 3.87 ವೋಲ್ಟ್. ಎರಡು ಬೇರೆ ಬೇರೆ ವೋಲ್ಟೇಜಿನ ಎಂಎಎಚ್‌ಗಳನ್ನು ಹೋಲಿಸಲು ಬಾರದು. ಮೀಟರಿನಲ್ಲಿ ವ್ಯಾಟ್-ಅವರ್ ಸಾಲು ನೋಡಿ. 5000 ಎಂಎಎಚ್ ಎಂದರೆ 5 ಗುಣಿಸು 3.87, ಅಂದರೆ 19.35 ವ್ಯಾಟ್-ಅವರ್. ದಾರಿಯಲ್ಲಿ ಬಿಸಿಯಾಗಿ ಹೋಗುವುದನ್ನು ಸೇರಿಸಿ 85% ದಕ್ಷತೆ ಹಿಡಿದರೆ ಮೀಟರ್ ಸುಮಾರು 22.8 ತೋರಿಸಬೇಕು. ಅದನ್ನು 9ರಿಂದ ಭಾಗಿಸಿ: 2530 ಎಂಎಎಚ್. ನಿಮಗೆ ಬಂದದ್ದು ಅದೇ. 5 ವೋಲ್ಟಿನ ಹಳೆಯ ಚಾರ್ಜರ್ ಹಾಕಿದ್ದರೆ 4550 ಬರುತ್ತಿತ್ತು. ಅಳೆಯುವಾಗ ಫೋನ್ ಆಫ್ ಇರಲಿ, ಇಲ್ಲದಿದ್ದರೆ ಪರದೆ ತಿಂದದ್ದೂ ಲೆಕ್ಕಕ್ಕೆ ಸೇರುತ್ತದೆ.

ಪ್ರಶ್ನೆ (ಬೆಂಗಳೂರು): ನನ್ನ ಐಫೋನಿನ ಬ್ಯಾಟರಿ ಹೆಲ್ತ್ 78%. ಮೆಷಿನ್ ಹಾಕಿ 100% ಮಾಡಿಕೊಡುತ್ತೇವೆ ಎಂದು ಒಂದು ಅಂಗಡಿಯವರು ಹೇಳಿದರು.

ಉತ್ತರ: ಮಾಡಿಕೊಡುತ್ತಾರೆ, ಆ ಮೆಷಿನ್ ನಿಜವಾಗಿಯೂ ಇದೆ. ಬ್ಯಾಟರಿಯ ಗೇಜ್ ಬೋರ್ಡಿಗೆ ಹೊಸ ಸೈಕಲ್ ಸಂಖ್ಯೆ (ಎಷ್ಟು ಸಲದ ಪೂರ್ತಿ ಚಾರ್ಜ್ ಬಳಕೆಯಾಯಿತು ಎಂಬ ಎಣಿಕೆ), ಹೊಸ ಹೆಲ್ತ್ ಅಂಕೆ ಬರೆಯುತ್ತದೆ. ಸೆಲ್ಲಿನಲ್ಲಿ ಉಳಿದಿರುವ ಸಾಮರ್ಥ್ಯ ಮಾತ್ರ ಹೊಸದರ 78%ರಷ್ಟೇ. ಹೊಸ ಸೆಲ್ ಹಾಕಿದಾಗ ಆ ಮೆಷಿನ್ ಬಳಸುವುದಕ್ಕೆ ಅರ್ಥವಿದೆ, ಹಳೆಯದಕ್ಕೆ ಬಳಸಿದರೆ ಸೆಕೆಂಡ್ ಹ್ಯಾಂಡ್ ಮಾರುವವರಿಗಷ್ಟೇ ಲಾಭ. ಹೆಲ್ತ್ ಅಂಕೆಯೂ ತಪ್ಪಾಗುವುದುಂಟು. 2021ರಲ್ಲಿ ಐಒಎಸ್ 14.5 ಜೊತೆ ಆ್ಯಪಲ್ ಕಂಪನಿಯೇ ಐಫೋನ್ 11 ಸರಣಿಗೆ ಹೆಲ್ತ್ ಲೆಕ್ಕವನ್ನು ಮರುಹೊಂದಿಸುವ ವ್ಯವಸ್ಥೆ ಕೊಟ್ಟಿತು. ಅದು ಮುಗಿಯಲು ಕೆಲವು ವಾರಗಳೇ ಬೇಕಾಗುತ್ತಿದ್ದವು, ನಿತ್ಯದ ಬಳಕೆ ನೋಡುತ್ತಾ ತಿದ್ದಿಕೊಳ್ಳುವ ಕೆಲಸ ಅದು. ಐದು ನಿಮಿಷದಲ್ಲಿ ಆಗುವುದೆಲ್ಲ ಬರೀ ಬರವಣಿಗೆ.

ಪ್ರಶ್ನೆ (ಟೊರಾಂಟೊ, ಕೆನಡಾ): ಜನವರಿಯಲ್ಲಿ ಬಸ್ಸಿಗೆ ಕಾಯುವಾಗ 35% ಇದ್ದ ಫೋನ್ ಸತ್ತುಹೋಗುತ್ತದೆ. ಮನೆಗೆ ಬಂದರೆ 30% ತೋರಿಸುತ್ತದೆ.

ಉತ್ತರ: ಕ್ಯಾಲಿಬ್ರೇಷನ್ ಬೇಡ. ಚಳಿಗೆ ಒಳರೋಧ ತಾತ್ಕಾಲಿಕವಾಗಿ ಏರುತ್ತದೆ, ಬೆಚ್ಚಗಾದ ಮೇಲೆ ಇಳಿಯುತ್ತದೆ. ಫೋನನ್ನು ಕೋಟಿನ ಒಳಜೇಬಿನಲ್ಲಿಡಿ. ಸೊನ್ನೆ ಡಿಗ್ರಿಯ ಕೆಳಗೆ ತಣ್ಣಗಾದ ಫೋನಿಗೆ ತಕ್ಷಣ ಚಾರ್ಜರ್ ಹಾಕಬೇಡಿ, ಆನೋಡಿನ (ಸೆಲ್ಲಿನ ಋಣ ತುದಿ) ಮೇಲೆ ಲಿಥಿಯಂ ಲೋಹ ಕೂತು ಸೆಲ್ ಶಾಶ್ವತವಾಗಿ ಕೆಡುತ್ತದೆ. ಅರ್ಧ ತಾಸು ಮನೆಯ ಬೆಚ್ಚನೆಯಲ್ಲಿಟ್ಟು ಆಮೇಲೆ ಹಾಕಿ.

ಪ್ರಶ್ನೆ (ದಾವಣಗೆರೆ): ಕ್ಯಾಲಿಬ್ರೇಷನ್ ಮಾಡಲು ಹೊರಟಾಗ ಹಿಂದಿನ ಮುಚ್ಚಳ ಸ್ವಲ್ಪ ಎದ್ದಿರುವುದು ಕಂಡಿತು. ಮುಂದುವರಿಸಬಹುದೇ?

ಉತ್ತರ: ಬೇಡವೇ ಬೇಡ. ಸೆಲ್ ಊದಿದೆ. ಚಾರ್ಜ್ ಮಾಡುವುದನ್ನು ಈಗಲೇ ನಿಲ್ಲಿಸಿ, ಫೋನ್ ಆಫ್ ಮಾಡಿ. ಮುಚ್ಚಳವನ್ನು ಒತ್ತಿ ಕೂರಿಸಲು ಹೋಗಬೇಡಿ, ಬ್ಯಾಟರಿಗೆ ಸೂಜಿ ಚುಚ್ಚಿ ಗಾಳಿ ಬಿಡುವ ಸಾಹಸವಂತೂ ಕೂಡದು, ಬೆಂಕಿ ಹತ್ತುತ್ತದೆ. ಸರ್ವಿಸ್ ಸೆಂಟರಿಗೆ ಒಯ್ಯುವವರೆಗೆ ಹಾಸಿಗೆ, ಬಟ್ಟೆ, ಕಾಗದದಿಂದ ದೂರ, ಕಲ್ಲುಚಪ್ಪಡಿ ಅಥವಾ ಟೈಲ್ಸ್ ಮೇಲಿಡಿ. ತೆಗೆದ ಹಳೆಯ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮದಡಿ ಅದನ್ನು ವಾಪಸ್ ಪಡೆದು ವಿಲೇವಾರಿ ಮಾಡಿಸುವ ಹೊಣೆ ತಯಾರಕರದು, ಆದ್ದರಿಂದ ಸರ್ವಿಸ್ ಸೆಂಟರಿನಲ್ಲೇ ಬಿಟ್ಟುಬನ್ನಿ.