ಪಹಣಿಯಲ್ಲಿ ಹೆಸರಿದ್ದರೆ ಜಮೀನು ನಮ್ಮದೇ ಆಯಿತಾ?

ಪಹಣಿಯಲ್ಲಿ ಹೆಸರು ಬಂದರೆ ಸಾಕು, ಮಾಲೀಕತ್ವ ಪಕ್ಕಾ ಅಲ್ವಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ.

ಪಹಣಿ ಕಂದಾಯ ಇಲಾಖೆಯ ದಾಖಲೆ. ಯಾರಿಂದ ಕಂದಾಯ ವಸೂಲಿ ಮಾಡಬೇಕು, ಯಾರು ಏನು ಬೆಳೆಯುತ್ತಿದ್ದಾರೆ ಅನ್ನುವುದಕ್ಕಾಗಿ ಇಟ್ಟ ಲೆಕ್ಕ ಅದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ಅದರಲ್ಲಿರುವುದನ್ನು ಸರಿ ಎಂದೇ ನಂಬಬೇಕು. ಆದರೆ ಅದು ತಪ್ಪು ಎಂದು ಯಾರಾದರೂ ಸಾಬೀತು ಮಾಡುವ ತನಕ ಮಾತ್ರ. ಹಕ್ಕಿನ ತಕರಾರು ಬಂದರೆ ತೀರ್ಮಾನಿಸುವುದು ಸಿವಿಲ್ ಕೋರ್ಟ್, ತಹಶೀಲ್ದಾರ್ ಅಲ್ಲ.

ಹಕ್ಕು ಬರುವುದು ಕ್ರಯಪತ್ರ, ವಿಭಾಗಪತ್ರ, ದಾನಪತ್ರ ಅಥವಾ ವಾರಸುದಾರಿಕೆಯಿಂದ. ಖಾತೆ ಬದಲಾವಣೆ, ಅಂದರೆ ಮ್ಯುಟೇಶನ್, ಆಮೇಲಿನ ಕೆಲಸ.

ಹಾಗಂತ ಪಹಣಿಯನ್ನು ಸುಮ್ನೆ ಬದಿಗಿಡಬೇಡಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 10ರಲ್ಲಿ ಜಮೀನು ಬಂದ ಬಗೆ, 11ರಲ್ಲಿ ಸಾಲ ಮತ್ತು ಇತರ ಹಕ್ಕು, 12ರಲ್ಲಿ ಸಾಗುವಳಿ ಮಾಡುವವರು ಮತ್ತು ಬೆಳೆಯ ವಿವರ ಇರುತ್ತದೆ. ಜಮೀನು ಕೊಳ್ಳುವವರು ಜಾಸ್ತಿ ಎಡವುವುದು 11ನೇ ಕಾಲಂ ಓದದೆ. ಬ್ಯಾಂಕಿನ ಸಾಲ ಅಲ್ಲೇ ಕಾಣುತ್ತದೆ!

ಭೂಮಿ ಪೋರ್ಟಲ್‌ನಲ್ಲಿ ಹಳೆಯ ವರ್ಷಗಳ ಪಹಣಿಯನ್ನೂ ತೆಗೆಯಿರಿ. ಉಪನೋಂದಣಿ ಕಚೇರಿಯ ಇಸಿ, ಅಂದರೆ ಜಮೀನಿನ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರದ ಜೊತೆ ತಾಳೆ ನೋಡಿ. ಎರಡೂ ಹೊಂದದಿದ್ದರೆ ಮುಂಗಡ ಕೊಡಬೇಡಿ.