ಮನೆಯಲ್ಲಿ ರೆಕಾರ್ಡ್ ಮಾಡಿದ ಹಾಡಿನಲ್ಲಿ ಗಿಟಾರ್ ಮಧ್ಯೆ ದನಿ ಮುಚ್ಚಿಹೋಗುತ್ತದೆ. ಮಿಕ್ಸಿಂಗ್, ಮಾಸ್ಟರಿಂಗ್ ಎಲ್ಲಿಂದ ಕಲಿಯಲಿ?

ಪ್ಲಗಿನ್‌ಗಳನ್ನು (ಸದ್ದು ತಿದ್ದುವ ಸಾಫ್ಟ್‌ವೇರ್‌ಗಳನ್ನು) ಸದ್ಯಕ್ಕೆ ಮರೆತುಬಿಡಿ. ಎಲ್ಲ ಫೇಡರ್‌ಗಳನ್ನೂ (ಒಂದೊಂದು ಟ್ರ್ಯಾಕಿನ ವಾಲ್ಯೂಮ್ ಪಟ್ಟಿಗಳನ್ನೂ) ಕೆಳಗಿಳಿಸಿ, ಮೊದಲು ದನಿಯನ್ನು ಏರಿಸಿ, ಅದರ ಸುತ್ತ ಉಳಿದದ್ದನ್ನು ಕೂರಿಸಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ದನಿ ಮುಚ್ಚಿಹೋಗುವುದು ಹೆಚ್ಚಾಗಿ ಜಾಗದ ಜಗಳದಿಂದ. ದನಿ, ಗಿಟಾರ್ ಎರಡೂ 200ರಿಂದ 400 ಹರ್ಟ್ಸ್ ಕಂಪನಾಂಕದ ನಡುವೆ ಒತ್ತಾಗಿ ಕೂತರೆ ಹಾಡು ಮಂಕಾಗಿ ಕೇಳುತ್ತದೆ. ಆಗ ದನಿಯನ್ನು ಸುಮ್ನೆ ಜೋರು ಮಾಡಬೇಡಿ. ಬೇರೆ ಬೇರೆ ಕಂಪನಾಂಕಗಳನ್ನು ಏರಿಸಿ ಇಳಿಸುವ ಈಕ್ವಲೈಜರ್‌ನಲ್ಲಿ ಗಿಟಾರಿನ ಆ ಭಾಗವನ್ನು 2-3 ಡೆಸಿಬೆಲ್ ತಗ್ಗಿಸಿ ನೋಡಿ. ದನಿಗೆ 80 ಹರ್ಟ್ಸ್ ಹತ್ತಿರ ಹೈಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ಸದ್ದನ್ನು ತಗ್ಗಿಸುವ ಸೋಸುಕ) ಹಾಕಿದರೆ ಬೀದಿಯ ಲಾರಿಯ ಗುಡುಗುಡು ಕೂಡ ಕಡಿಮೆಯಾಗುತ್ತದೆ. ಪಕ್ಕದ ಮನೆಯ ಕುಕ್ಕರ್ ಸೀಟಿಗೆ ಮಾತ್ರ ಮತ್ತೆ ಹಾಡುವುದೇ ಮದ್ದು!

ಮಾಸ್ಟರಿಂಗ್‌ಗೆ, ಅಂದರೆ ಮಿಕ್ಸ್ ಆದ ಹಾಡಿಗೆ ಕೊನೆಯ ಹದ ಕೊಡುವುದಕ್ಕೆ, ಈಗಲೇ ತಲೆಕೆಡಿಸಿಕೊಳ್ಳಬೇಡಿ. ಸ್ಪಾಟಿಫೈ ಸಾಮಾನ್ಯವಾಗಿ ಹಾಡನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಹಾಡು ಕಿವಿಗೆ ಎಷ್ಟು ಜೋರು ಅನ್ನುವುದರ ಅಳತೆ) ಆಸುಪಾಸಿಗೆ ತಂದು ನುಡಿಸುತ್ತದೆ. ನೀವು ಲಿಮಿಟರ್ (ಸದ್ದಿನ ತುದಿಗಳನ್ನು ಮಿತಿ ಮೀರದಂತೆ ತಡೆಯುವ ಸಾಧನ) ಒತ್ತಿ ಜಾಸ್ತಿ ಜೋರು ಮಾಡಿದರೆ ಅದು ತಗ್ಗಿಸುತ್ತದೆ, ಹಾಡಿನ ಏರಿಳಿತ ಹೋದದ್ದಷ್ಟೇ ಉಳಿಯುತ್ತದೆ.

ಕಲಿಯೋಕೆ ಒಂದೇ ಹಾಡನ್ನು ಮೂರ್ನಾಲ್ಕು ಸಲ ಮೊದಲಿಂದ ಮಿಕ್ಸ್ ಮಾಡಿ. ನಿಮಗಿಷ್ಟವಾದ ಇನ್ನೊಂದು ಹಾಡನ್ನು ಅದೇ ವಾಲ್ಯೂಮಿನಲ್ಲಿ ಪಕ್ಕದಲ್ಲಿಟ್ಟು ಹೋಲಿಸಿ. ಹೆಡ್‌ಫೋನಿನಲ್ಲಿ ಚೆನ್ನಾಗಿದ್ದರೆ ಸಾಲದು, ಫೋನಿನ ಸ್ಪೀಕರಿನಲ್ಲೂ ಸಾಹಿತ್ಯ ಬಿಡಿಬಿಡಿಯಾಗಿ ಕೇಳಬೇಕು.